ಎಷ್ಟು ಸಸಿ ನೆಟ್ಟಿದ್ದೀರಿ ಎಂದು ಕೇಳುವವರಿಗೆ

ಕುಶಾಲನಗರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್ ತಯಾರಿಸುವ ಸಣ್ಣ ವರ್ಕ್‌ಶಾಪ್ ನಡೆಸುವ ನನಗೆ ಪ್ರತಿ ವರ್ಷ ಜೂನ್ 5ರ ಪರಿಸರ ದಿನದ ಆಸುಪಾಸಿನಲ್ಲಿ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: "ಯಂತ್ರ ತಯಾರಿಸುವ ನಿಮ್ಮಂಥವರು ಕೊಡಗಿನ ಜೀವವೈವಿಧ್ಯ ಉಳಿಸಲು ಏನು ಮಾಡುತ್ತಿದ್ದೀರಿ?" ಪ್ರಶ್ನೆಯೇನೋ ಸರಿಯಾಗಿಯೇ ಇದೆ. ಆದರೆ ಅದರ ಬಾಲ ಹಿಡಿದು ಬರುವ "ಈವರೆಗೆ ಎಷ್ಟು ಸಸಿ ನೆಟ್ಟಿದ್ದೀರಿ?" ಎಂಬ ಇನ್ನೊಂದು ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರಿಸಿ ನನಗೆ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ.

ಲೆಕ್ಕ ಬೇಕೇ ಬೇಕೆಂದರೆ, ಹನ್ನೊಂದು ಸಸಿ ನೆಟ್ಟಿದ್ದೇನೆ. ಕೊನೆಯದನ್ನು ನೆಟ್ಟಿದ್ದು ಶಾಲೆಯೊಂದರ ಕಾರ್ಯಕ್ರಮದಲ್ಲಿ. ಸಾವಿರಕ್ಕೂ ಹೆಚ್ಚು ದೇವರಕಾಡುಗಳಿರುವ ಈ ಜಿಲ್ಲೆಯಲ್ಲಿ ಮುಖ್ಯ ಅತಿಥಿಯಾದ ನನ್ನ ಕೈಗೆ ಕೊಟ್ಟಿದ್ದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಸಸಿಯನ್ನು. ಫೋಟೊ ತೆಗೆದದ್ದು ಮೂರು ಸಲ, ನೀರು ಹಾಕಿದ್ದು ಒಂದು ಸಲ.

ಸಸಿ ನೆಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ನಾನು ಮಾರಿದ ಪಲ್ಪರ್ ಯಾರದೋ ತೋಟದಲ್ಲಿ, ಯಾವುದೋ ತೋಡಿನ ಪಕ್ಕದಲ್ಲಿ ಇಪ್ಪತ್ತು ವರ್ಷ ಓಡುತ್ತದೆ. ಆ ಇಪ್ಪತ್ತು ವರ್ಷಗಳ ಬಗ್ಗೆ ಯಾರೂ ವಿಚಾರಿಸದೆ, ನಾನು ಹಾರೆ ಹಿಡಿದ ಹತ್ತು ನಿಮಿಷವನ್ನು ಮಾತ್ರ ವಿಚಾರಿಸುವುದು ನನಗೆ ಸೋಜಿಗವೆನಿಸುತ್ತದೆ.

ಕೆಲವು ವರ್ಷಗಳ ಹಿಂದೆ, ಜನವರಿಯಲ್ಲಿ, ದಕ್ಷಿಣ ಕೊಡಗಿನ ತೋಟವೊಂದರಿಂದ ಬೇರಿಂಗ್ ಸದ್ದು ಮಾಡುತ್ತಿದೆ ಎಂಬ ದೂರು ಬಂದಿತ್ತು. ಕೆಲಸ ಮುಗಿಸಿ, ಕೈಗೆ ಮೆತ್ತಿದ ಗ್ರೀಸ್ ತೊಳೆದುಕೊಳ್ಳಲೆಂದು ಕೆಳಗಿನ ತೋಡಿಗೆ ಇಳಿದೆ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಮೇಲೆ ನೊರೆ ಕಟ್ಟಿತ್ತು, ಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು. ಕಲ್ಲಿನ ಸಂದಿಯಲ್ಲಿ ಏಡಿಯೊಂದು ಹೊಟ್ಟೆ ಮೇಲಾಗಿ ಬಿದ್ದಿತ್ತು. ಬೆರಳುದ್ದದ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಕಳೆಯುತ್ತಿದ್ದವು. ನೀರು ಬರುತ್ತಿದ್ದ ಪೈಪನ್ನೇ ಹಿಡಿದುಕೊಂಡು ಮೇಲೆ ಹತ್ತಿದರೆ ಅದು ಹೋಗಿ ಮುಟ್ಟಿದ್ದು ನಾನು ಆಗಷ್ಟೇ ರಿಪೇರಿ ಮಾಡಿ ಬಂದ ಯಂತ್ರಕ್ಕೆ. ನನ್ನ ವರ್ಕ್‌ಶಾಪಿನ ಹೆಸರಿನ ಹಿತ್ತಾಳೆ ಫಲಕ ಅದರ ಮೇಲೆ ಹೊಳೆಯುತ್ತಿತ್ತು.

ಮಾಲೀಕರೊಂದಿಗೆ ಜೋರು ಮಾಡಲು ಹೋದೆ. ಅವರು ಒಳಗಿನಿಂದ ಪುಸ್ತಿಕೆಯೊಂದನ್ನು ತಂದು, "ಸರ್, ನೀವು ಬರೆದ ಹಾಗೆಯೇ ಮಾಡಿದ್ದೇವಲ್ಲ?" ಎಂದರು. "ಹಣ್ಣು ಸಿಲುಕದಂತೆ ನೀರನ್ನು ಧಾರಾಳವಾಗಿ ಬಿಡುವುದು" ಎಂದು ಅದರಲ್ಲಿತ್ತು. ಬರೆದವನು ನಾನೇ. ಯಂತ್ರ ನನ್ನದು, ಪೈಪ್ ನನ್ನದಲ್ಲ ಎಂದು ಒಂದು ವರ್ಷ ಸಮರ್ಥಿಸಿಕೊಂಡು ತಿರುಗಿದೆ. ಈಗಲೂ ಅದು ಪೂರ್ತಿ ಸುಳ್ಳು ಎಂದು ನನಗನ್ನಿಸುವುದಿಲ್ಲ. ಆದರೆ ಆ "ಧಾರಾಳವಾಗಿ" ಎಂಬ ಪದ ಮಾತ್ರ ನನ್ನದೇ.

ನಡೆಯುವುದು ಇಷ್ಟು. ಕಾಫಿ ಹಣ್ಣಿನ ತೂಕದಲ್ಲಿ ನೂರಕ್ಕೆ ಸುಮಾರು 40 ಭಾಗ ಸಿಪ್ಪೆಯೇ; ಬೀಜಕ್ಕೆ ಅಂಟಿದ ಲೋಳೆ ಬೇರೆ. ಸಕ್ಕರೆ, ಪೆಕ್ಟಿನ್ ತುಂಬಿದ ಇವು ನೀರಿಗೆ ಸೇರಿದಾಗ ಸೂಕ್ಷ್ಮಜೀವಿಗಳು ಹಬ್ಬ ಮಾಡುತ್ತವೆ, ಆ ಹಬ್ಬದಲ್ಲಿ ನೀರಿನ ಆಮ್ಲಜನಕ ಖರ್ಚಾಗಿ ಮೀನಿಗೆ ಉಸಿರಿಲ್ಲದಂತಾಗುತ್ತದೆ. ಮಳೆಗಾಲದಲ್ಲಾಗಿದ್ದರೆ ಹೊಳೆ ಹೇಗೋ ತಡೆದುಕೊಳ್ಳುತ್ತಿತ್ತೇನೋ. ನಮ್ಮ ಪಲ್ಪಿಂಗ್ ನಡೆಯುವುದೋ ಹೊಳೆ ಸೊರಗತೊಡಗುವ ನವೆಂಬರಿನ ನಂತರ. ಆ ತೋಡು ಲಕ್ಷ್ಮಣತೀರ್ಥಕ್ಕೆ ಸೇರುತ್ತದೆ, ಲಕ್ಷ್ಮಣತೀರ್ಥ ಕಾವೇರಿಗೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲದ ಡುಬ್ಬದ ಮಹಶೀರ್ ಮೀನನ್ನು ಜಾಗತಿಕ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿದೆ. ಆ ಮೀನಿನ ಸ್ಥಿತಿಗೆ ಅಣೆಕಟ್ಟು, ಮರಳುಗಾರಿಕೆ, ಡೈನಮೈಟ್ ಸಿಡಿಸಿ ಮೀನು ಹಿಡಿಯುವುದು ಎಂದು ಬೇಕಾದಷ್ಟು ಕಾರಣಗಳಿವೆ. ಪಲ್ಪರ್ ಒಂದನ್ನೇ ಕಟಕಟೆಗೆ ಹತ್ತಿಸಬೇಡಿ. ಆದರೆ ಅದನ್ನು ಪೂರ್ತಿ ಬಿಟ್ಟೂ ಬಿಡಬೇಡಿ.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಯಂತ್ರ ಎಷ್ಟು ನೀರು ಕುಡಿಯುತ್ತದೆ, ಕುಡಿದದ್ದನ್ನು ಎಲ್ಲಿ ಉಗುಳುತ್ತದೆ? ಇದಕ್ಕೆ ಉತ್ತರ ತೋಟದಲ್ಲಿ ಸಿಗುವುದಿಲ್ಲ, ನನ್ನ ಡ್ರಾಯಿಂಗ್ ಹಾಳೆಯ ಮೇಲೆ ಸಿಗುತ್ತದೆ. ಕೊಲಂಬಿಯಾದ ಕಾಫಿ ಸಂಶೋಧನಾ ಕೇಂದ್ರವಾದ ಸೆನಿಕಾಫೆ 1990ರ ದಶಕದಲ್ಲೇ ಇದನ್ನು ಮಾಡಿ ತೋರಿಸಿತು: ನೀರಿಲ್ಲದೆ ಸಿಪ್ಪೆ ಬಿಡಿಸುವುದು, ಲೋಳೆಯನ್ನು ಹುದುಗಿಸಿ ತೊಳೆಯುವ ಬದಲು ಯಂತ್ರದಲ್ಲೇ ಉಜ್ಜಿ ತೆಗೆಯುವುದು, ಹಾಗೆ ತೆಗೆದ ಗಟ್ಟಿ ಲೋಳೆಯನ್ನು ಸಿಪ್ಪೆಗೇ ಬೆರೆಸಿ ಗೊಬ್ಬರದ ಗುಂಡಿಗೆ ಕಳುಹಿಸುವುದು. ಒಂದು ಕಿಲೋ ಒಣ ಪಾರ್ಚ್‌ಮೆಂಟಿಗೆ (ತೆಳು ಹೊಟ್ಟು ಇನ್ನೂ ಇರುವ ಒಣ ಬೀಜಕ್ಕೆ) ಸುಮಾರು 40 ಲೀಟರ್ ಬೇಕಿದ್ದ ನೀರು ಒಂದು ಲೀಟರಿನ ಆಸುಪಾಸಿಗೆ ಇಳಿಯಿತು.

ನಾನೇನು ವಿಜ್ಞಾನಿಯಲ್ಲ. ಮೊದಲು ಮಾಡಿದ್ದು ನೀರಿನ ಒಂದಿಂಚಿನ ಪೈಪಿನ ಬಾಯನ್ನು ಅರ್ಧ ಇಂಚಿಗೆ ಇಳಿಸಿದ್ದು. ಮರುವರ್ಷ ಸರ್ವಿಸಿಗೆ ಹೋದಾಗ ನೋಡಿದರೆ ಯಾರೋ ಡ್ರಿಲ್ ಹಾಕಿ ಅದನ್ನು ಮತ್ತೆ ಅಗಲ ಮಾಡಿದ್ದರು. ಕೋಪ ಬಂತು, ಆಮೇಲೆ ಕಾರಣ ಹೊಳೆಯಿತು: ಹಣ್ಣನ್ನು ಸಿಪ್ಪೆ ಬಿಡಿಸುವ ಸಿಲಿಂಡರಿನವರೆಗೆ ಸಾಗಿಸುತ್ತಿದ್ದುದೇ ಆ ನೀರು, ನೀರು ಕಡಿಮೆ ಮಾಡಿದ ನಾನು ಹಣ್ಣಿಗೆ ಬೇರೆ ದಾರಿ ಮಾಡಿರಲಿಲ್ಲ. ಹಣ್ಣು ಸುರಿಯುವ ಹಾಪರನ್ನು ಎತ್ತರಿಸಿ, ಇಳಿಜಾರು ಹೆಚ್ಚಿಸಿ, ಹಣ್ಣು ತನ್ನ ಭಾರಕ್ಕೇ ಜಾರುವಂತೆ ಮಾಡಿದ ಮೇಲೆ ಡ್ರಿಲ್ ನಿಂತಿತು. ಕಾಳಜಿಯ ಭಾಷಣದಿಂದ ಆಗದ್ದು ಆ ಇಳಿಜಾರಿನಿಂದ ಆಯಿತು.

ಇನ್ನೊಂದು ಮಾತು ಕಬ್ಬಿಣದ್ದು. ಭದ್ರೆಯ ಉಗಮದ ಬಳಿ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ 2005ರ ಕೊನೆಗೆ ನಿಂತಿತು; ಆದರೆ ಅದಿರು ಇಂದಿಗೂ ಯಾವುದೋ ಒಂದು ಬೆಟ್ಟದಿಂದಲೇ ಬರಬೇಕು. ಸವೆಯುವ ಭಾಗವನ್ನಷ್ಟೇ ಬದಲಿಸಿ ಉಳಿದದ್ದನ್ನು ಮೂವತ್ತು ವರ್ಷ ಓಡಿಸಬಹುದಾದಂತೆ ಯಂತ್ರ ಮಾಡುವುದೂ ಕಾಡಿನ ಕೆಲಸವೇ. ಇದರಿಂದ ನನ್ನ ವ್ಯಾಪಾರಕ್ಕೆ ಲಾಭವಿಲ್ಲ ಎಂಬುದನ್ನೂ ದಯವಿಟ್ಟು ಬರೆದುಕೊಳ್ಳಿ.

ಪುಸ್ತಿಕೆಯಿಂದ "ಧಾರಾಳವಾಗಿ" ಹೋಗಿದೆ. ಕೊಟೇಶನ್ ಹಾಳೆಯಲ್ಲಿ ಬೆಲೆಯ ಮೇಲ್ಗಡೆಯೇ, ಒಂದು ಕಿಲೋ ಹಣ್ಣಿಗೆ ಎಷ್ಟು ನೀರು ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ. ಆ ಸಾಲಿನ ಬಗ್ಗೆ ಈವರೆಗೆ ಇಬ್ಬರು ವಿಚಾರಿಸಿದ್ದಾರೆ. ಅವರಲ್ಲೊಬ್ಬರಿಗೆ ಅದು ಅಚ್ಚಿನ ತಪ್ಪಿರಬಹುದೇ ಎಂಬ ಅನುಮಾನವಿತ್ತು.