ಎಗ್ ದ್ವೀಪದಲ್ಲಿ ಎಲ್ಲರಿಗೂ ಐದೇ ಕಿಲೋವ್ಯಾಟ್

ಸ್ಕಾಟ್‌ಲೆಂಡ್‌ಗೆ ಹೋದವರು ಎಡಿನ್‌ಬರೋ ಕೋಟೆ, ಲಾಕ್ ನೆಸ್, ಸ್ಕೈ ದ್ವೀಪ ನೋಡಿಕೊಂಡು ಬರುತ್ತಾರೆ. ನಾವೂ ನೋಡಿದೆವು. ಚೆನ್ನಾಗಿವೆ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಬರೆಯಬೇಕೆಂದು ಕೂತಿದ್ದು ಎಗ್ ಅನ್ನುವ ಪುಟ್ಟ ದ್ವೀಪದ ಕರೆಂಟಿನ ಬಗ್ಗೆ. ಹೌದು, ಕರೆಂಟಿನ ಬಗ್ಗೆಯೇ.

ಗ್ಲಾಸ್ಗೋದಿಂದ ಮ್ಯಾಲೇಗ್ ಬಂದರಿನವರೆಗೆ ರೈಲು. ಐದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ದಾರಿಯಲ್ಲಿ ಗ್ಲೆನ್‌ಫಿನ್ನನ್ ಸೇತುವೆ ಬಂದಾಗ ಇಡೀ ಬೋಗಿ ಎದ್ದು ಒಂದೇ ಕಡೆಯ ಕಿಟಕಿಗೆ ಮುಗಿಬಿತ್ತು. ಹ್ಯಾರಿ ಪಾಟರ್ ಸಿನಿಮಾದಲ್ಲಿ ಬಂದ ಸೇತುವೆ ಅಲ್ವಾ. ನನಗೆ ಅದಕ್ಕಿಂತ ಅದರ ಹಿಂದೆ ಮುಂದೆ ಗಂಟೆಗಟ್ಟಲೆ ಒಂದು ಮನೆಯೂ ಕಾಣದೆ ಹೋದ ಬಯಲೇ ಇಷ್ಟವಾಯಿತು.

ಮ್ಯಾಲೇಗ್‌ನಲ್ಲಿ ಇಳಿದರೆ ಆ ದಿನ ಎಗ್‌ಗೆ ದೋಣಿಯೇ ಇಲ್ಲ. ಫೋನಿನಲ್ಲಿದ್ದ ಒಂದು ಪ್ರಯಾಣದ ಆ್ಯಪ್ ದೋಣಿ ಇದೆ ಎಂದು ತೋರಿಸಿತ್ತು, ಹೊರಡುವ ಗಂಟೆಯನ್ನೂ ಕೊಟ್ಟಿತ್ತು. ಕಟ್ಟೆಯ ಮೇಲೆ ಹಾಕಿದ್ದ ಪಟ್ಟಿ ಬೇರೆಯೇ ಹೇಳುತ್ತಿತ್ತು. ಬೇಸಿಗೆಯ ರಜೆ, ಊರಿನ ಕೋಣೆಗಳೆಲ್ಲ ಭರ್ತಿ, ಕೊನೆಗೆ ಸಿಕ್ಕಿದ ಒಂದು ಕೋಣೆಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹೋಗುವವರಿಗೆ ಹೇಳುತ್ತಿದ್ದೇನೆ: ರಮ್, ಎಗ್, ಮಕ್, ಕ್ಯಾನಾ, ಈ ನಾಲ್ಕೂ ದ್ವೀಪಗಳಿಗೆ ಮ್ಯಾಲೇಗ್‌ನಿಂದ ಒಂದೇ ಹಡಗು. ಅದು ಒಂದೊಂದು ದಿನ ಒಂದೊಂದು ಕ್ರಮದಲ್ಲಿ, ಒಂದೊಂದು ಹೊತ್ತಿಗೆ ಹೋಗುತ್ತದೆ. ಚಳಿಗಾಲದ ಪಟ್ಟಿ ಬೇರೆ, ಬೇಸಿಗೆಯದು ಬೇರೆ. ಹಡಗಿನವರ ಸ್ವಂತ ಪಟ್ಟಿ ಬಿಟ್ಟು ಬೇರೆ ಯಾವುದನ್ನೂ ನಂಬಬೇಡಿ. ಅಲೆ ಎದ್ದರೆ ಅದೂ ರದ್ದಾಗುತ್ತದೆ, ಹಾಗಾಗಿ ವಾಪಸ್ ಬಂದ ಮರುದಿನವೇ ವಿಮಾನ ಅಂತ ಇಟ್ಟುಕೊಳ್ಳಬೇಡಿ.

ಹೊರಗಿನವರ ಕಾರಿಗೆ ಎಗ್‌ನಲ್ಲಿ ಪ್ರವೇಶವಿಲ್ಲ. ಇಳಿಯುವುದು ಗ್ಯಾಲ್ಮಿಸ್‌ಡೇಲ್ ಎಂಬಲ್ಲಿ. ಅಂಗಡಿ, ಕೆಫೆ, ಶೌಚಾಲಯ ಎಲ್ಲ ಅಲ್ಲೇ. ಅಲ್ಲಿಂದ ಕ್ಲೀಡೇಲ್ ಅನ್ನುವ ಇನ್ನೊಂದು ತುದಿಗೆ ಒಂದೇ ರಸ್ತೆ. ನಾವು ಉಳಿದುಕೊಂಡದ್ದು ಆ ತುದಿಯಲ್ಲಿ, ಒಬ್ಬ ಹಿರಿಯ ಹೆಂಗಸಿನ ಮನೆಯ ಮೇಲಿನ ಕೋಣೆಯಲ್ಲಿ.

ನೆನೆದು ತೊಪ್ಪೆಯಾಗಿ ಹೋಗಿದ್ದೆವು. ಚಹಾ ಮಾಡಿಕೊಳ್ಳೋಣ ಎಂದು ನಾನು ಕೆಟಲ್ ಕಡೆ ಕೈ ಹಾಕಿದೆ. "ಒಂದು ನಿಮಿಷ ತಾಳಿ, ಮೆಷಿನ್‌ನಲ್ಲಿ ಬಟ್ಟೆ ಇದೆ, ಒಲೆಯೂ ಉರಿಯುತ್ತಿದೆ" ಎಂದರು ಆಕೆ. ಗೋಡೆಯ ಹತ್ತಿರ ಒಂದು ಪುಟ್ಟ ಮೀಟರ್. ಅದರಲ್ಲಿ ಆ ಕ್ಷಣ ಮನೆ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಕಾಣುತ್ತದೆ. ನಮ್ಮ ಯಜಮಾನರಿಗೆ ಇಂಥದ್ದು ಕಂಡರೆ ಮುಗಿಯಿತು. ಒದ್ದೆ ಕೋಟನ್ನೂ ಬಿಚ್ಚದೆ ಅದರ ಮುಂದೆ ನಿಂತುಬಿಟ್ಟರು.

ವಿಷಯ ಇಷ್ಟು. ಮುಖ್ಯ ಭೂಮಿಯಿಂದ ಎಗ್‌ಗೆ ಕರೆಂಟ್ ತಂತಿ ಬಂದಿಲ್ಲ. 2008ರವರೆಗೂ ಹೆಚ್ಚಿನವರಿಗೆ ಅವರವರ ಡೀಸೆಲ್ ಜನರೇಟರೇ ಗತಿ. ಆ ವರ್ಷದ ಫೆಬ್ರವರಿಯಲ್ಲಿ ದ್ವೀಪದವರೇ ಸೇರಿ ತಮ್ಮದೇ ಗ್ರಿಡ್ ಶುರು ಮಾಡಿದರು. ಹಳ್ಳದ ನೀರಿನಿಂದ ನಡೆಯುವ ಮೂರು ಘಟಕಗಳು, ನಾಲ್ಕು ಚಿಕ್ಕ ಗಾಳಿಯಂತ್ರಗಳು, ಸೌರ ಫಲಕಗಳು, ಒಂದು ಕೋಣೆ ತುಂಬ ಬ್ಯಾಟರಿ, ಕೈಕೊಟ್ಟರೆ ಇರಲಿ ಎಂದು ಡೀಸೆಲ್. ಒಂದು ಮನೆ ಒಂದು ಹೊತ್ತಿಗೆ ಎಳೆಯಬಹುದಾದದ್ದು ಐದು ಕಿಲೋವ್ಯಾಟ್, ವ್ಯಾಪಾರದ ಜಾಗಗಳಿಗೆ ಹತ್ತು. ಅದನ್ನು ದಾಟಿದರೆ ಮನೆಯ ಕರೆಂಟ್ ಹೋಗುತ್ತದೆ. ಮತ್ತೆ ಹಾಕಿಸಲು ನೋಡಿಕೊಳ್ಳುವವರನ್ನು ಕರೆಯಬೇಕು, ದಂಡ ಕಟ್ಟಬೇಕು. ಇಡೀ ದಿನ ನಾವು ಬೈದುಕೊಂಡು ಬಂದ ಮಳೆ ಅಲ್ಲಿ ಕರೆಂಟ್ ಆಗುತ್ತಿತ್ತು! ಜಾಸ್ತಿಯಾದ ಕರೆಂಟ್ ಊರಿನ ಸಭಾಭವನದಂಥ ಕಡೆ ಹೀಟರ್‌ಗಳಿಗೆ ಹೋಗುತ್ತದಂತೆ, ಮಳೆಗಾಳಿ ಜೋರಾಗಿದ್ದಷ್ಟೂ ಭವನ ಬೆಚ್ಚಗೆ.

"ದುಡ್ಡಿದ್ದವನು ಬಂದು ನನಗೆ ಇಪ್ಪತ್ತು ಬೇಕು, ಎಷ್ಟಾದರೂ ಕೊಡುತ್ತೇನೆ ಅಂದರೆ?" ಯಜಮಾನರು ಕೇಳಿದರು.

"ಅವನಿಗೂ ಐದೇ."

"ಜಗಳ ಆಗುವುದಿಲ್ಲವಾ?"

ಆಕೆ ಜೋರಾಗಿ ನಕ್ಕರು. "ಇಲ್ಲಿ ಎಲ್ಲದಕ್ಕೂ ಜಗಳ. ಕುರಿ, ನಾಯಿ, ಬೇಲಿ, ಮೀಟಿಂಗಿಗೆ ಯಾರು ಬರಲಿಲ್ಲ ಅನ್ನುವುದಕ್ಕೂ ಜಗಳ. ಈ ಐದಕ್ಕೆ ಮಾತ್ರ ನಾನು ಜಗಳ ಕಂಡಿಲ್ಲ."

ಯಾಕೆ ಎಂದು ಕೇಳಿದ್ದೇ ತಡ, ಆಕೆ ದ್ವೀಪದ ಒಡೆಯರ ಕಥೆಗೆ ಹೋದರು. ಒಲೆಯ ಮೇಲಿದ್ದ ಸೂಪು ತಳ ಹಿಡಿಯಿತು, ಆಕೆ ನಿಲ್ಲಿಸಲಿಲ್ಲ. ಇಡೀ ದ್ವೀಪ ಒಬ್ಬನ ಆಸ್ತಿ. ಅವನು ಮಾರಿದರೆ ಇನ್ನೊಬ್ಬನದು. 1975ರಲ್ಲಿ ಕೀತ್ ಶೆಲೆನ್‌ಬರ್ಗ್ ಎಂಬ ಉದ್ಯಮಿ ಕೊಂಡ. ಎಷ್ಟೋ ಮನೆಯವರ ಕೈಯಲ್ಲಿ ಸರಿಯಾದ ಗುತ್ತಿಗೆ ಪತ್ರ ಇರಲಿಲ್ಲ, ಹಾಗಾಗಿ ಸೋರುವ ಸೂರಿಗೆ ದುಡ್ಡು ಹಾಕಲೂ ಹೆದರಿಕೆ. ನಾಳೆ ಹೋಗು ಅಂದರೆ? 1994ರಲ್ಲಿ ಒಡೆಯನ ಹಳೆಯ ರೋಲ್ಸ್ ರಾಯ್ಸ್ ಕಾರು ಒಂದು ರಾತ್ರಿ ಸುಟ್ಟು ಹೋಯಿತು. ಯಾರು ಸುಟ್ಟರು ಅಂತ ನಾನು ಕೇಳಿದೆ. ಆಕೆ ಸೂಪಿನ ಪಾತ್ರೆ ಕೆರೆಯಲು ಶುರು ಮಾಡಿದರು. ಮರುವರ್ಷ ಮರುಮಾ ಎಂದು ಕರೆದುಕೊಳ್ಳುತ್ತಿದ್ದ ಜರ್ಮನ್ ಕಲಾವಿದನಿಗೆ ದ್ವೀಪ ಮಾರಾಟವಾಯಿತು. ಅವನೂ ಹೆಚ್ಚು ಕಾಲ ಇಟ್ಟುಕೊಳ್ಳಲಿಲ್ಲ. ಆಗ ಇಲ್ಲಿನ ಅರವತ್ತು ಚಿಲ್ಲರೆ ಜನ ದೇಶದ ಮೂಲೆಮೂಲೆಯಿಂದ ಚಂದಾ ಎತ್ತಿದರು. ಬೇಕಾಗಿದ್ದದ್ದು ಸುಮಾರು 15 ಲಕ್ಷ ಪೌಂಡ್. ಅದರಲ್ಲಿ ದೊಡ್ಡ ಪಾಲು ಹೆಸರು ಹೇಳದ ಒಬ್ಬ ಹೆಂಗಸು ಕೊಟ್ಟದ್ದು. 1997ರ ಜೂನ್ 12ರಂದು ದ್ವೀಪ ಅವರ ಟ್ರಸ್ಟಿಗೆ ಬಂತು.

ಇದನ್ನು ಕೇಳುವಾಗ ನನಗೆ ನಮ್ಮ ತಾತನ ನೆನಪು. 1974ರ ಭೂಸುಧಾರಣೆ ಕಾನೂನು ಬಂದಾಗ ಡಿಕ್ಲರೇಶನ್ ಹಾಕಿ ಗೇಣಿ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡವರು ಅವರು. ಅದನ್ನು ಹೇಳಿದೆ. ಆಕೆಗೆ ನಂಬಲಿಕ್ಕೇ ಆಗಲಿಲ್ಲ. "ಸರ್ಕಾರವೇ ಕೊಡಿಸಿತಾ? ಒಡೆಯರು ಸುಮ್ಮನಿದ್ದರಾ?" ಎಲ್ಲಿ ಸುಮ್ಮನಿದ್ದರು, ಟ್ರಿಬ್ಯೂನಲ್ ಅಲೆದಾಟ, ಒಡೆಯರ ಮನೆಯವರ ಜೊತೆ ಮಾತು ಬಿಟ್ಟಿದ್ದು, ಅಜ್ಜಿ ಹೇಳುತ್ತಿದ್ದುದೆಲ್ಲ ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಹೇಳಿದೆ. ಸ್ಕಾಟ್‌ಲೆಂಡ್‌ನಲ್ಲಿ ಊರಿನವರು ಒಟ್ಟಾಗಿ ಜಮೀನು ಕೊಳ್ಳುವ ಹಕ್ಕಿಗೆ ಕಾನೂನು ಬಂದದ್ದು 2003ರಲ್ಲಿ, ಎಗ್‌ನವರು ಕೊಂಡು ಆರು ವರ್ಷದ ಮೇಲೆ. ನಮ್ಮ ಕಡೆ ಗದ್ದೆ ಒಬ್ಬೊಬ್ಬರ ಹೆಸರಿಗೆ ಬಂತು, ಆಮೇಲೆ ಅಣ್ಣತಮ್ಮಂದಿರಲ್ಲಿ ಪಾಲಾಯಿತು, ನಮ್ಮದಂತೂ ಮಾರಿಯೇ ಹೋಯಿತು. ಇಲ್ಲಿ ಯಾರ ಹೆಸರಿಗೂ ಬರಲಿಲ್ಲ, ಎಲ್ಲರದೂ ಆಯಿತು. ಯಾವುದು ಮೇಲು ಅಂತ ನನಗೆ ಹೇಳಲು ಬರುವುದಿಲ್ಲ, ತಾತನಿಗೆ ಅವತ್ತು ಹೀಗೆ ಹೇಳಿದ್ದರೆ ಕೋಲು ಹಿಡಿದು ಅಟ್ಟುತ್ತಿದ್ದರು. ಆದರೆ ಐದು ಕಿಲೋವ್ಯಾಟ್‌ಗೆ ಯಾಕೆ ಜಗಳವಿಲ್ಲ ಅನ್ನುವುದು ಮಾತ್ರ ಅರ್ಥವಾಯಿತು. ಒಬ್ಬನ ಕೈಯಲ್ಲಿ ಎಲ್ಲವೂ ಇದ್ದದ್ದನ್ನು ಕಂಡವರು ಅವರು.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಆನ್ ಸ್ಗೂರ್ ಎಂಬ ಬಂಡೆ ಬೆಟ್ಟ, 393 ಮೀಟರ್, ಹತ್ತಲೇಬೇಕು. ಕೆಳಗಿನಿಂದ ನೋಡಿದರೆ ಆಗುವುದೇ ಇಲ್ಲ ಅನ್ನಿಸುತ್ತದೆ, ಆದರೆ ಹಿಂಬದಿಯಿಂದ ದಾರಿ ಇದೆ, ಜೌಗು ಮಾತ್ರ ವಿಪರೀತ. ಹಾಡುವ ಮರಳು ಅಂತ ಒಂದು ಕಡಲತೀರಕ್ಕೆ ಎಲ್ಲರೂ ಕಳಿಸುತ್ತಾರೆ. ಒಣಗಿದ ಮರಳಿನ ಮೇಲೆ ಕಾಲೆಳೆದರೆ ಕೀಚ್ ಎನ್ನುತ್ತದಂತೆ. ನಾವು ಹೋದಾಗ ಮರಳು ಒದ್ದೆ, ಒಂದು ಸ್ವರವೂ ಇಲ್ಲ. ಪಕ್ಕದ ಲೇಗ್ ಕೊಲ್ಲಿಯಲ್ಲಿ ಎದುರಿಗೆ ರಮ್ ದ್ವೀಪದ ಬೆಟ್ಟಗಳು ಕಾಣುತ್ತವೆ, ಅದೇ ಸಾಕು.

ದ್ವೀಪದಲ್ಲಿ ಈಗ ನೂರರ ಮೇಲೆ ಜನ ಇದ್ದಾರೆ. ಪ್ರಾಥಮಿಕ ಶಾಲೆ ಇದೆ, ಹೈಸ್ಕೂಲಿಗೆ ಮಕ್ಕಳು ಮ್ಯಾಲೇಗ್‌ಗೆ ಹೋಗಿ ಹಾಸ್ಟೆಲಿನಲ್ಲಿರಬೇಕು. ಓದಿ ವಾಪಸ್ ಬರುತ್ತೇವೆ ಅನ್ನುವ ಹುಡುಗರಿದ್ದಾರೆ, ಅವರಿಗೆ ಮನೆಗಳಿಲ್ಲ, ಅದೇ ಈಗಿನ ತಲೆಬಿಸಿ ಎಂದರು ಆಕೆ. ಇನ್ನೂ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರಿಗೆ ಅದೇ ವಿಷಯದ ಮೀಟಿಂಗಿಗೆ ಹೊತ್ತಾಗಿತ್ತು.

ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗುವವರೇ ಜಾಸ್ತಿ. ಹಾಗೆ ಮಾಡಬೇಡಿ, ಒಂದು ರಾತ್ರಿಯಾದರೂ ಉಳಿಯಿರಿ. ಹೇರ್ ಡ್ರೈಯರ್ ಬೇಡ, ಸೊಳ್ಳೆಗಿಂತ ಸಣ್ಣದಾದ ಮಿಜ್ ಹುಳಕ್ಕೆ ಮುಖ ಮುಚ್ಚುವ ಬಲೆ ಬೇಕೇ ಬೇಕು. ಗಾಳಿ ನಿಂತ ಸಂಜೆ ಅವು ಬಿಡುವುದಿಲ್ಲ.