ಲಕ್ಷ್ಮಮ್ಮ ‘ಲಕಮ’ ಆದಾಗ

ನಾನು ಫ್ರಂಟ್‌ಎಂಡ್ ಡೆವಲಪರ್. ಡಿಸೈನರ್ ಫಿಗ್ಮಾ ಎಂಬ ಡಿಸೈನ್ ಸಾಫ್ಟ್‌ವೇರಿನಲ್ಲಿ ಮಾಡಿಕೊಟ್ಟ ಸ್ಕ್ರೀನನ್ನು ಕೋಡ್ ಬರೆದು ಫೋನಿನಲ್ಲಿ ಓಡುವಂತೆ ಮಾಡುವುದು ನನ್ನ ಕೆಲಸ. ಹಳ್ಳಿಯ ಹಾಲಿನ ಡೇರಿಗಳಿಗೆ ಆ್ಯಪ್ ಮಾಡುತ್ತಿದ್ದಾಗ ನಡೆದದ್ದಿದು.

ಒಂದು ಸ್ಕ್ರೀನಿನಲ್ಲಿ ಹಾಲು ಹಾಕುವವರ ಹೆಸರುಗಳ ಪಟ್ಟಿ. ಹೆಸರು ಒತ್ತಿದರೆ ಲೀಟರ್, ಫ್ಯಾಟ್ ತುಂಬುವ ಜಾಗ. ಡಿಸೈನಿನಲ್ಲಿ ಅಕ್ಷರದ ಗಾತ್ರ 18 ಪಿಕ್ಸೆಲ್, ಸಾಲಿನ ಎತ್ತರ 22. ಮಾದರಿಗೆ ಹಾಕಿದ್ದ ಹೆಸರುಗಳು ರಮೇಶ, ಸುರೇಶ. ಒತ್ತಕ್ಷರವೇ ಇಲ್ಲ! ನಿಜವಾದ ಪಟ್ಟಿ ಹಾಕಿದ ಕೂಡಲೇ ಲಕ್ಷ್ಮಮ್ಮ ‘ಲಕಮ’ ಆದಳು. ‘ಕ್ಷ್ಮ’ದಲ್ಲಿ ಕಕಾರಕ್ಕೆ ಎರಡು ಒತ್ತು, ಅದರ ಪಕ್ಕದಲ್ಲೇ ಮಕಾರಕ್ಕೆ ಇನ್ನೊಂದು. ಮೂರೂ ಸಾಲಿನ ಅಂಚಿನಲ್ಲಿ ಕತ್ತರಿಸಿ ಹೋಗಿದ್ದವು.

ಮರುದಿನವೇ ಕೆಲಸ ಒಪ್ಪಿಸಬೇಕಿತ್ತು. ಸುಮ್ನೆ ಗಾತ್ರವನ್ನು 14ಕ್ಕೆ ಇಳಿಸಿದೆ. ಒತ್ತುಗಳು ಕಾಣಿಸಿದವು. ಯಾರಿಗೂ ಹೇಳಲಿಲ್ಲ.

“ಇದನ್ನ ಯಾಕೆ ಚಿಕ್ಕದು ಮಾಡಿದ್ರಿ?” ಡಿಸೈನರ್ ನೋಡಿದ ತಕ್ಷಣ ಕೇಳಿದರು. ಅವರು ಎರಡು ದಿನ ಬೆಳಿಗ್ಗೆ ಬೆಳಿಗ್ಗೆಯೇ ಡೇರಿಗೆ ಹೋಗಿ ಕೂತು ಬಂದಿದ್ದರು. ಕಾರ್ಯದರ್ಶಿಯ ಕೈ ಹಾಲಿನಿಂದ ಒದ್ದೆ. ಫೋನನ್ನು ಮೇಜಿನ ಮೇಲಿಟ್ಟು ನಿಂತುಕೊಂಡೇ ಓದುತ್ತಾರೆ. ಎದುರಿಗೆ ಕ್ಯಾನ್ ಹಿಡಿದವರ ಸಾಲು. ಆ ದೂರದಿಂದ ಹೆಸರು ಕಾಣಲಿ ಅಂತಲೇ 18 ಇಟ್ಟಿದ್ದರು. ನನಗೆ ಅದು ಬರೀ ಒಂದು ಸಂಖ್ಯೆಯಾಗಿತ್ತು.

ಒತ್ತು ಕತ್ತರಿಸುತ್ತಿದೆ ಎಂದು ತೋರಿಸಿದೆ. ಅವರು ಕೂತಲ್ಲೇ ಸಾಲಿನ ಎತ್ತರವನ್ನು 30ಕ್ಕೆ ಏರಿಸಿದರು. ಒಂದು ಸ್ಕ್ರೀನಿಗೆ ಎಂಟು ಹೆಸರಿದ್ದದ್ದು ಆರಕ್ಕೆ ಇಳಿಯಿತು. ಅದಕ್ಕಾಗಿ ಸದಸ್ಯರ ನಂಬರ್ ಹೊಡೆದು ಹುಡುಕುವ ಜಾಗವನ್ನು ಮೇಲೆ ತಂದರು. ಈ ಉಪಾಯ ನನಗೆ ಹೊಳೆಯುತ್ತಲೇ ಇರಲಿಲ್ಲ, ಯಾಕಂದ್ರೆ ಡೇರಿಯಲ್ಲಿ ಹೆಸರಿಗಿಂತ ನಂಬರೇ ಜಾಸ್ತಿ ಓಡುತ್ತದೆ ಎಂದು ನೋಡಿ ಬಂದವರು ಅವರು.

ನನ್ನ ಕಡೆಯಿಂದ ಹೇಳಬೇಕಾದದ್ದೂ ಇತ್ತು. ನೆಟ್‌ವರ್ಕ್ ಹೋದರೆ ಏನು ಕಾಣಬೇಕು? ಡಿಸೈನಿನಲ್ಲಿ ಆ ಚಿತ್ರವೇ ಇರಲಿಲ್ಲ. ಕಾರ್ಯದರ್ಶಿ ಎರಡು ಸಲ ಬಟನ್ ಒತ್ತಿದರೆ ಒಂದೇ ಹಾಲಿಗೆ ಎರಡು ಲೆಕ್ಕ ಬೀಳುತ್ತದೆ. ಇಂಥದ್ದು ಕೋಡ್ ಬರೆಯುವವರ ಕಣ್ಣಿಗೇ ಮೊದಲು ಬೀಳುವುದು. ಲೆಕ್ಕವನ್ನು ಫೋನಿನಲ್ಲೇ ಇಟ್ಟುಕೊಂಡು, ನೆಟ್‌ವರ್ಕ್ ಬಂದ ಮೇಲೆ ಒಂದೇ ಸಲ ಕಳಿಸುವ ದಾರಿ ನಾನು ಮಾಡಿದೆ. ಪರದೆಯ ಮೇಲಿನ ಮಾತು ಡಿಸೈನರದು: “ಲೆಕ್ಕ ಫೋನಿನಲ್ಲಿ ಭದ್ರವಾಗಿದೆ. ಮುಂದಿನವರ ಹಾಲು ತೆಗೆದುಕೊಳ್ಳಿ.” ನಾನು ಅಲ್ಲಿ ‘ದೋಷ ಉಂಟಾಗಿದೆ’ ಎಂದು ಬರೆದಿದ್ದೆ. ಅದನ್ನು ಓದಿ ಆ ಮನುಷ್ಯ ಏನು ಮಾಡಬೇಕು, ಅಲ್ವಾ?

ಈಗ ಅವರ ಫಿಗ್ಮಾ ಫೈಲಿನ ಪ್ರತಿ ಪಟ್ಟಿಯಲ್ಲೂ ಮೊದಲ ಹೆಸರು ಲಕ್ಷ್ಮಮ್ಮ. ಗಾತ್ರ ಬದಲಿಸಬೇಕು ಅನ್ನಿಸಿದರೆ ನಾನು ಮೊದಲು ಅವರ ಮೇಜಿನ ಹತ್ತಿರ ಹೋಗುತ್ತೇನೆ.