0.9 ಇದ್ದದ್ದು 1.25 ಆದಾಗ

ನಾನು ಗರ್ಭಿಣಿಯರ ಸ್ಕ್ಯಾನ್ ಮಾಡುವ ಡಾಕ್ಟರ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಾಯಿಗೆ ತಪ್ಪು ಸಮಾಧಾನ ಹೇಳಿ ಕಳಿಸಿದ್ದೆ. ಹೊಸಬರು ಇದೇ ಜಾಗದಲ್ಲಿ ಎಡವುವುದನ್ನು ಈಗಲೂ ನೋಡುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಆಗ ಅವರಿಗೆ 22 ವಾರ. ಮಗುವಿನ ಎದೆಗೂ ಹೊಟ್ಟೆಗೂ ನಡುವಿನ ವಪೆಯಲ್ಲಿ ಎಡಗಡೆ ತೂತಿತ್ತು. ಕರುಳು, ಜಠರ ಎದೆಯೊಳಗೆ ಸೇರಿಕೊಂಡು ಹೃದಯ ಬಲಕ್ಕೆ ಸರಿದಿತ್ತು. ತೂತನ್ನು ಹುಟ್ಟಿದ ಮೇಲೆ ಹೊಲಿಯಬಹುದು. ಜಾಗ ಸಾಲದೆ ಬೆಳೆಯದೇ ಉಳಿದ ಶ್ವಾಸಕೋಶಕ್ಕೆ ಹೊಲಿಗೆ ಏನೂ ಮಾಡಲಾರದು. ಹಾಗಾಗಿ ಹೃದಯದ ನಾಲ್ಕೂ ಕೋಣೆ ಕಾಣುವ ಅಡ್ಡ ಚಿತ್ರದಲ್ಲಿ ತೂತಿನ ಎದುರು ಬದಿಯ ಶ್ವಾಸಕೋಶದ ವಿಸ್ತೀರ್ಣ ಅಳೆಯುತ್ತೇವೆ. ಅದನ್ನು ತಲೆಯ ಸುತ್ತಳತೆಯಿಂದ ಭಾಗಿಸಿದರೆ ಎಲ್‌ಎಚ್‌ಆರ್ ಸಿಗುತ್ತದೆ. ಅವತ್ತು ಬಂದದ್ದು 0.9.

30ನೇ ವಾರದಲ್ಲಿ ಮತ್ತೆ ಅಳೆದೆ. 1.25. ನನಗೇ ಖುಷಿಯಾಯಿತು. "ಶ್ವಾಸಕೋಶ ಸುಧಾರಿಸಿದೆ" ಅಂದುಬಿಟ್ಟೆ. ಆ ತಾಯಿ ಅಳುತ್ತಲೇ ನಕ್ಕರು.

ಸಂಜೆ ನಮ್ಮ ಸೀನಿಯರ್ ರಿಪೋರ್ಟ್ ನೋಡಿ ಒಂದೇ ಪ್ರಶ್ನೆ ಕೇಳಿದರು: "ಇದೇ ವಾರದ ಆರೋಗ್ಯವಂತ ಮಗುವಿಗೆ ಎಷ್ಟಿರಬೇಕು?" ಕೋಷ್ಟಕ ತೆಗೆದು ನೋಡಿದೆ. 22 ವಾರಕ್ಕೆ ಸುಮಾರು 3. 30 ವಾರಕ್ಕೆ ಸುಮಾರು 4.2. ಎರಡು ಸಲವೂ ನಮ್ಮ ಮಗು ಇದ್ದದ್ದು ಇರಬೇಕಾದುದರ ಶೇಕಡ 30ರಲ್ಲೇ. 12ರಿಂದ 32ನೇ ವಾರದೊಳಗೆ ಶ್ವಾಸಕೋಶದ ವಿಸ್ತೀರ್ಣ 16 ಪಟ್ಟು ಆಗುತ್ತದೆ, ತಲೆಯ ಸುತ್ತಳತೆ 4 ಪಟ್ಟು ಮಾತ್ರ. ಅಂದಮೇಲೆ ಭಾಗಾಕಾರದ ಉತ್ತರ ತಾನಾಗೇ ಏರುತ್ತದೆ, ಅಲ್ವಾ? ನಾನು ಕಂಡದ್ದು ಸುಧಾರಣೆಯಲ್ಲ, ವಯಸ್ಸು.

ಮರುದಿನ ಅವರನ್ನು ಕರೆಸಿ ಹೇಳಿದೆ. "ನಿನ್ನೆ ಮನೇಲಿ ಎಲ್ಲರಿಗೂ ಹೇಳಿಬಿಟ್ವಿ, ಡಾಕ್ಟ್ರೇ" ಅಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ನನ್ನದು ಅಂತ ಒಪ್ಪಿಕೊಂಡೆ, ಪರಿಸ್ಥಿತಿ ಕೆಟ್ಟಿಲ್ಲ ಅನ್ನುವುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿದೆ.

ಈ ಶೇಕಡವಾರಿನ ಮೇಲೆ ಎಷ್ಟು ನಿಂತಿದೆ ನೋಡಿ. ಮಗುವಿನ ಶ್ವಾಸನಾಳದಲ್ಲಿ ಬಲೂನ್ ಇಟ್ಟು ಶ್ವಾಸಕೋಶ ಬೆಳೆಸುವ ಚಿಕಿತ್ಸೆಯೊಂದಿದೆ. 2021ರಲ್ಲಿ ಪ್ರಕಟವಾದ ಟೋಟಲ್ ಪ್ರಯೋಗದಲ್ಲಿ, ಎಡಗಡೆ ತೂತಿದ್ದು ಶೇಕಡ 25ಕ್ಕಿಂತ ಕೆಳಗಿದ್ದ ಮಕ್ಕಳ ಪೈಕಿ ಬಲೂನ್ ಇಟ್ಟವರಲ್ಲಿ 40% ಬದುಕಿ ಮನೆಗೆ ಹೋದರು, ಇಡದವರಲ್ಲಿ 15%. ಅಷ್ಟು ತೀವ್ರವಲ್ಲದ ಮಧ್ಯಮ ಗುಂಪಿನಲ್ಲಿ ಅದೇ ಲೆಕ್ಕ 63% ಮತ್ತು 50%. ಆ ಅಂತರ ಖಚಿತವಾಗಿ ನಂಬುವಷ್ಟು ದೊಡ್ಡದಿರಲಿಲ್ಲ. ಬಲೂನಿನಿಂದ ಅವಧಿಗೆ ಮುಂಚೆ ಹೆರಿಗೆಯಾಗುವ ಅಪಾಯವೂ ಜಾಸ್ತಿ. ಹೀಗಿರುವಾಗ ಗೆರೆ ಎಳೆಯುವ ನನ್ನ ಕೈ ಸ್ವಲ್ಪ ಅಲುಗಿದರೂ ಮಗು ಇನ್ನೊಂದು ಗುಂಪಿಗೆ ಹೋಗಿಬಿಡಬಹುದು.

ಅದಕ್ಕೇ ಈಗ ಶ್ವಾಸಕೋಶದ ಅಂಚನ್ನು ಸುತ್ತಲೂ ಗೆರೆ ಎಳೆದೇ ಅಳೆಯುತ್ತೇನೆ, ಅದೂ ಮೂರು ಸಲ. ಉದ್ದವನ್ನು ಅಗಲದಿಂದ ಗುಣಿಸುವ ದಾರಿ ಸುಲಭ, ಆದರೆ ಅದು ಶ್ವಾಸಕೋಶವನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ. ಒಂದು ವಿಧಾನದಲ್ಲಿ ಅಳೆದು ಇನ್ನೊಂದರ ಕೋಷ್ಟಕಕ್ಕೆ ಹೋಲಿಸುವುದಂತೂ ಬೇಡವೇ ಬೇಡ. ಲಿವರ್ ಎದೆಗೆ ಏರಿದೆಯೇ ಅನ್ನುವುದೂ ಅಷ್ಟೇ ಮುಖ್ಯ. ಬೂದು ಚಿತ್ರದಲ್ಲಿ ಲಿವರ್, ಶ್ವಾಸಕೋಶ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ ಲಿವರಿನ ರಕ್ತನಾಳ ಎತ್ತ ಹೋಗುತ್ತಿದೆ ಅಂತ ಹಿಂಬಾಲಿಸುತ್ತೇನೆ. ಆಗಲೂ ಅನುಮಾನ ಉಳಿದರೆ ಎಂಆರ್‌ಐ. ಅದರಲ್ಲಿ ಎರಡೂ ಶ್ವಾಸಕೋಶಗಳ ಗಾತ್ರ, ಲಿವರಿನ ಎಷ್ಟು ಭಾಗ ಮೇಲಿದೆ ಅನ್ನುವುದು ಸಿಗುತ್ತದೆ. ತೂತು ಬಲಗಡೆ ಇದ್ದರೆ ಎಡಗಡೆಯ ಮಿತಿಗಳನ್ನು ಹಾಗೇ ಹಚ್ಚುವಂತಿಲ್ಲ. ಹೃದಯದ ತೊಂದರೆ, ಕ್ರೋಮೋಸೋಮಿನ ದೋಷ ಜೊತೆಗಿದ್ದರೆ ಒಳ್ಳೆಯ ಶೇಕಡವಾರಿಗೂ ಅರ್ಥ ಬೇರೆಯೇ.

ಆ ಮಗುವಿನ ಲಿವರ್ ಕೆಳಗೇ ಇತ್ತು. ಹೆರಿಗೆ ಹೊತ್ತಿಗೆ ನವಜಾತ ಶಿಶುಗಳ ತಂಡ ಪಕ್ಕದಲ್ಲೇ ನಿಂತಿತ್ತು. ಮಾಸ್ಕಿನಿಂದ ಗಾಳಿ ಒತ್ತಿದರೆ ಎದೆಯೊಳಗಿನ ಕರುಳು ಉಬ್ಬಿ ಶ್ವಾಸಕೋಶ ಇನ್ನಷ್ಟು ಅದುಮಿಹೋಗುತ್ತದೆ, ಹಾಗಾಗಿ ನೇರವಾಗಿ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದರು. ನನ್ನ ಅಳತೆಯ ಪ್ರಕಾರ ಶ್ವಾಸಕೋಶ ಚಿಕ್ಕದಾದರೂ ಸಾಲುವಷ್ಟಿತ್ತು. ಆದರೆ ಅದರ ರಕ್ತನಾಳಗಳ ಒತ್ತಡ ದಿನಗಟ್ಟಲೆ ಇಳಿಯಲಿಲ್ಲ. ಇಳಿಯುವವರೆಗೂ ಆಪರೇಷನ್ ಮುಂದೆ ಹೋಗುತ್ತಲೇ ಇತ್ತು. ಮಗು ಕೊನೆಗೆ ಮನೆಗೆ ಹೋಯಿತು. ಆ ಒತ್ತಡದ ಸುಳಿವು ನಾನು ತುಂಬಿದ ಯಾವ ಕಾಲಂನಲ್ಲೂ ಇರಲಿಲ್ಲ.